ಮತ್ತೆ ಕುಡಿದವರ ಮನೆಗಳಲ್ಲಿ ಕಲಿತದ್ದು

ಬದನಗುಪ್ಪೆ ಸುತ್ತಿನ ಊರುಗಳಲ್ಲಿ ಆರೋಗ್ಯ ಸಹಾಯಕಿಯಾಗಿ ತಿರುಗಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಊರಿನವರ ಬಾಯಲ್ಲಿ ನಾನು ಸಿಸ್ಟ್ರಮ್ಮ. ಚುಚ್ಚುಮದ್ದು, ಬಾಣಂತನ, ಬಿ.ಪಿ., ಸಕ್ಕರೆ ಕಾಯಿಲೆ ಎಂದು ಹೋದ ಮನೆಗಳಲ್ಲಿ ಎಲ್ಲ ಮಾತು ಮುಗಿದು ನಾನು ಚೀಲ ಎತ್ತಿಕೊಳ್ಳುವ ಹೊತ್ತಿಗೆ, ಅಡುಗೆಮನೆ ಬಾಗಿಲಿಗೆ ಒರಗಿ ನಿಂತ ಹೆಂಗಸು ದನಿ ತಗ್ಗಿಸಿ ಹೇಳುತ್ತಾಳೆ: ‘ಬುಟ್ಟಿದ್ರು ಕಣಮ್ಮ. ಈಗ ತಿರ್ಗಾ ಸುರು ಮಾಡ್ಕಂಡವ್ರೆ.’

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಈ ಮಾತು ಇನ್ನು ಕೇಳಬೇಕಾಗಿಲ್ಲ ಎಂದು ನಾನೂ ನಂಬಿದ್ದೆ. ಪ್ಯಾಕೆಟ್ ಸಾರಾಯಿ ಹೋಯಿತು, ಅದರ ಜಾಗಕ್ಕೆ ತೊಂಬತ್ತು ಎಂ.ಎಲ್.ನ ವಿಸ್ಕಿ ಪೊಟ್ಟಣ ಬಂತು. ಬಿಟ್ಟವರು ಇದ್ದಾರೆ, ಬಿಟ್ಟೇ ಉಳಿದವರೂ ಇದ್ದಾರೆ. ಅವರಿಗೆ ಮದ್ಯವರ್ಜನ ಶಿಬಿರದ ಕೊನೆಯ ದಿನ ಹಾರ ಹಾಕುತ್ತಾರೆ. ಬಿಟ್ಟು ಮತ್ತೆ ಹಿಡಿದವನಿಗೆ ಮಾತ್ರ ಊರು ‘ನಾಯಿ ಬಾಲ ಡೊಂಕು’ ಎಂದು ಹೇಳಿ ಮುಗಿಸಿಬಿಡುತ್ತದೆ. ಅವನ ಮನೆಯವರು ಆ ದಿನಗಳಲ್ಲಿ ಇನ್ನೊಂದು ಮಾತು ಹೇಳುತ್ತಾರೆ, ಅದನ್ನು ಯಾರೂ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ: ‘ಇವರು ಅವರಲ್ಲ.’ ನಾನು ಡಾಕ್ಟರಲ್ಲ. ಆ ಮಾತು ಕೇಳಿ ಕೇಳಿ ಕಲಿತದ್ದನ್ನು, ದೊಡ್ಡ ಆಸ್ಪತ್ರೆಗಳ ಡಾಕ್ಟರುಗಳನ್ನು ಕೇಳಿ ಸರಿಪಡಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಗಳ ಗುರುತು ಸಿಗದಂತೆ ಊರು, ಸಂಬಂಧಗಳನ್ನು ಬದಲಿಸಿದ್ದೇನೆ.

1. ಮೊದಲು ಬದಲಾಗುವುದು ಸ್ವಭಾವ, ಕುಡಿತ ಆಮೇಲೆ

ರೇಷ್ಮೆ ಹುಳು ಸಾಕುವ ಒಬ್ಬರಿದ್ದಾರೆ. ಎಂಟು ತಿಂಗಳು ಒಂದು ತೊಟ್ಟು ಮುಟ್ಟಿರಲಿಲ್ಲ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಕೇಳುತ್ತವಲ್ಲ, ಆ ವಾರವೆಲ್ಲ ಹೆಂಡತಿಯನ್ನು ಮಲಗಿಸಿ ತಾವೇ ಎದ್ದು ಹಾಕುತ್ತಿದ್ದರು. ಒಂದು ಬೆಳೆಯ ಹೊತ್ತಿಗೆ ಮಾತು ತಿರುಗಿತು. ಚಾಕಿ ಕೊಟ್ಟವನು ಮೋಸಗಾರ, ಸೊಪ್ಪು ಕುಯ್ದ ಆಳು ಕಳ್ಳ, ಸಾರಿಗೆ ಉಪ್ಪಿಲ್ಲ, ತಂಗಿ ಗಂಡ ಮರ್ಯಾದೆ ಕೊಡಲಿಲ್ಲ. ರಾತ್ರಿ ಏಳುತ್ತಿದ್ದರು, ಆದರೆ ಹುಳುಮನೆಗೆ ಹೋಗದೆ ಜಗುಲಿಯಲ್ಲಿ ಕೂತಿರುತ್ತಿದ್ದರು. ಮಾತ್ರೆ ಏಕೆ ನುಂಗಿಲ್ಲ ಎಂದರೆ ‘ನಂಗೇನ್ ಕಾಯ್ಲೆ?’ ಎಂಬ ಉತ್ತರ. ತಿಂಗಳಿಗೊಮ್ಮೆ ಹೋಗುತ್ತಿದ್ದ, ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆಗೆ ಎರಡು ಸಲ ತಪ್ಪಿಸಿದರು. ಗೂಡು ಮಾರಿದ ದುಡ್ಡು ಖಾತೆಗೆ ಬಿದ್ದ ಸಂಜೆ ಕುಡಿದು ಬಂದರು.

ಊರಿನ ಲೆಕ್ಕದಲ್ಲಿ ಅವರು ಕುಡಿದದ್ದು ದುಡ್ಡು ಬಂದದ್ದಕ್ಕೆ. ಹೆಂಡತಿಯ ಲೆಕ್ಕದಲ್ಲಿ ಅದಕ್ಕೂ ಇಪ್ಪತ್ತು ದಿನ ಮೊದಲೇ. ಅವಳ ಲೆಕ್ಕವೇ ಸರಿ ಎಂಬುದು ನನ್ನ ಅನುಭವ. ಬಿಟ್ಟ ಮೊದಲ ತಿಂಗಳುಗಳಲ್ಲಿ ಮೆದುಳು ಇನ್ನೂ ಗಾಯ ಮಾಯುತ್ತಿರುವ ಮೈಯಂತೆ. ನಿದ್ದೆ ಹರಕು, ಯಾವುದರಲ್ಲೂ ರುಚಿ ಇಲ್ಲ, ಸಣ್ಣದಕ್ಕೂ ಕೆರಳು. ತಡೆದುಕೊಳ್ಳುವ, ಮುಂದಿನದನ್ನು ಯೋಚಿಸುವ ಕೆಲಸ ಮಾಡುವುದು ಹಣೆಯ ಹಿಂದಿರುವ ಮೆದುಳಿನ ಭಾಗ. ವರ್ಷಗಟ್ಟಲೆ ಕುಡಿತದಲ್ಲಿ ಹೆಚ್ಚು ಏಟು ತಿನ್ನುವುದೂ ಅದೇ. ಅದು ಚೇತರಿಸಿಕೊಳ್ಳಲು ತಿಂಗಳುಗಳು ಬೇಕು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಸೇರಿ ಕಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದವರಿಗೆ ಇದು ಚೆನ್ನಾಗಿ ಗೊತ್ತು. ಬಾಟಲಿ ಬಿಟ್ಟೂ ಕುಡುಕನ ಸ್ವಭಾವದಲ್ಲೇ ಉಳಿದವನನ್ನು ಗುರುತಿಸಲು ಅವರಲ್ಲಿ ಒಂದು ಅಡ್ಡಹೆಸರೇ ಇದೆ.

ಹಾಗಾಗಿ ಈಗ ನಾನು ‘ಕುಡಿದ್ರಾ?’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ‘ನಿದ್ದೆ ಹೆಂಗದೆ? ಯಾರ ಮೇಲೆ ಕ್ವಾಪ?’ ಎಂದು ಕೇಳುತ್ತೇನೆ.

2. ಸಿಡುಕು ಎಲ್ಲರಿಗೂ ಕಾಣುತ್ತದೆ, ಅಕ್ಕರೆ ಹೆಂಡತಿಗೆ ಮಾತ್ರ ಕಾಣುತ್ತದೆ

ಆ ರೇಷ್ಮೆ ಮನೆಯ ಹೆಂಡತಿಯೇ ಹೇಳಿದ್ದು. ಕುಡಿಯುವ ಹಿಂದಿನ ದಿನ ಅವರು ಅಂಗಡಿಯಿಂದ ಎರಡು ಮೊಳ ಮಲ್ಲಿಗೆ ತಂದಿದ್ದರಂತೆ. ‘ಹೂವು ನೋಡ್ತಿದ್ದಂಗೆ ಎದೆ ಝಲ್ ಅಂತು ಸಿಸ್ಟ್ರಮ್ಮ. ಅಂಗೇ ಎತ್ತಿ ದೇವ್ರ ಗೂಡಲ್ಲಿ ಮಡಗ್ದೆ, ಮುಡೀನಿಲ್ಲ.’ ಕುಡಿಯಬೇಕೆಂದು ಮನಸ್ಸು ಒಳಗೇ ತೀರ್ಮಾನ ಮಾಡಿಬಿಟ್ಟಾಗ ಜಗಳವೆಲ್ಲ ನಿಂತು ಮನುಷ್ಯ ಒಂದು ದಿನ ಹಗುರಾಗುತ್ತಾನೆ. ಮಕ್ಕಳಿಗೆ ಜಿಲೇಬಿ ತರುತ್ತಾನೆ, ಸಾಲದ ಮಾತೆತ್ತಿದರೆ ನಗುತ್ತಾನೆ. ಮೋಸ ಮಾಡಲೆಂದು ಹಾಗೆ ಮಾಡುತ್ತಾನೆ ಎಂದು ನಾನು ಹೇಳಲಾರೆ. ತಾನು ಮಾಡಲಿರುವ ತಪ್ಪಿಗೆ ಮುಂಗಡ ಕಟ್ಟುವ ಹಾಗೆ ಕಾಣುತ್ತದೆ ನನಗೆ.

ಮಕ್ಕಳು ಇನ್ನೂ ಬೇಗ ಓದುತ್ತಾರೆ. ಆ ಮನೆಯ ಏಳನೇ ಕ್ಲಾಸಿನ ಹುಡುಗಿ ಅಪ್ಪ ಅಂಗಳದಲ್ಲಿ ಎಕ್ಸೆಲ್ ಗಾಡಿಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಗೊತ್ತುಮಾಡುತ್ತಿದ್ದಳು. ಒಂದೇ ಸಲಕ್ಕೆ ‘ಟಕ್’ ಎಂದರೆ ಪುಸ್ತಕ ಹರಡಿಕೊಂಡು ಕೂರುವುದು. ಎರಡು ಮೂರು ಸಲ ಕಾಲು ತಡಕಾಡಿದ ಸದ್ದು ಬಂದರೆ ಪುಸ್ತಕ ಚೀಲಕ್ಕೆ ಹಾಕಿ, ತಮ್ಮನ ಕೈ ಹಿಡಿದು ಪಕ್ಕದ ದೊಡ್ಡಮ್ಮನ ಮನೆಗೆ ಹೋಗುವುದು. ಯಾರೂ ಕಲಿಸಿದ್ದಲ್ಲ.

3. ಆಣೆಯೊಂದನ್ನೇ ನಂಬಿ ಕೂರಬಾರದು

ನಮ್ಮ ಸೀಮೆಯಲ್ಲಿ ಬಿಡುವುದೆಂದರೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಆಣೆ ಇಡುವುದು. ಮಾಲೆ ಹಾಕಿ ಶಬರಿಮಲೆಗೆ ಹೋಗಿ ಬರುವವರೆಗೆ ಬಿಡುವವರೂ ಇದ್ದಾರೆ. ದೇವರ ಮೇಲಿನ ಆ ಭಕ್ತಿಯನ್ನು ನಾನು ಕಡಿಮೆ ಮಾಡಿ ಮಾತಾಡುವುದಿಲ್ಲ. ಅದರಿಂದಲೇ ಉಳಿದುಕೊಂಡವರನ್ನು ಕಂಡಿದ್ದೇನೆ.

ಆದರೆ ಆಣೆ ಮುರಿದ ಮಾರನೇ ದಿನ ಆ ಮನುಷ್ಯ ಏನಾಗುತ್ತಾನೆ ಎನ್ನುವುದನ್ನೂ ಕಂಡಿದ್ದೇನೆ. ಒಂದು ಕ್ವಾರ್ಟರ್ ಕುಡಿದವನು ‘ಹೆಂಗಿದ್ರೂ ಮಾದಪ್ಪ ಬುಡಾಕಿಲ್ಲ, ಇನ್ನೇನು’ ಎಂದು ಒಂದು ವಾರ ಏಳದಂತೆ ಕುಡಿಯುತ್ತಾನೆ. ಕಣ್ಣಿಗೆ ಕಣ್ಣು ಕೊಡುವುದಿಲ್ಲ. ದೇವಸ್ಥಾನದ ಬೀದಿ ತಪ್ಪಿಸಿ ಸುತ್ತು ಹಾಕಿ ಓಡಾಡುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದನ್ನೇ ಕೂಲಂಕಷವಾಗಿ ಅಭ್ಯಾಸ ಮಾಡಿದವರು. ಒಂದು ಸಲ ಜಾರುವುದು ಬೇರೆ, ಪೂರ್ತಿ ಬೀಳುವುದು ಬೇರೆ. ಜಾರಿದವನು ಬೀಳುವುದು ಬಹುಮಟ್ಟಿಗೆ ‘ಎಲ್ಲ ಹೋಯಿತು, ನಾನೇ ಇಷ್ಟು’ ಎಂಬ ಅವಮಾನದ ಭಾರಕ್ಕೆ ಎಂದು ಅವರು ತೋರಿಸಿಕೊಟ್ಟರು.

ಆಣೆ ಇಡಲು ಹೊರಟವರಿಗೆ ನಾನು ಈಗ ಒಂದು ಕೋರಿಕೆ ಮಾಡುತ್ತೇನೆ. ಆಣೆ ಇಡಿ, ಜೊತೆಗೆ ಜಾರಿದರೆ ಮೊದಲು ಯಾರಿಗೆ ಫೋನ್ ಮಾಡುತ್ತೀರಿ ಎನ್ನುವುದನ್ನೂ ಅಲ್ಲೇ ಗೊತ್ತುಮಾಡಿಕೊಂಡು ಬನ್ನಿ. ಒಬ್ಬ ಅಣ್ಣ ಬೆಟ್ಟದಿಂದ ಬಂದು, ‘ಸ್ವಾಮಿಗೇ ಯೋಳಿ ಬಂದಿವ್ನಿ ಕಣಮ್ಮ, ಜಾರುದ್ರೆ ನಿಮ್ತಾವ್ಕೆ ಮೊದ್ಲು ಬತ್ತೀನಿ ಅಂತ’ ಎಂದರು. ಬಂದರು ಕೂಡ. ಎರಡನೇ ದಿನಕ್ಕೇ ಬಂದರು.

4. ಎಡೆಯ ಮುಂದಿನ ಕ್ವಾರ್ಟರ್

ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತೇವೆ. ಬಾಡು, ವಡೆ, ಬೀಡಿ, ಅದರ ಜೊತೆಗೆ ಒಂದು ಕ್ವಾರ್ಟರ್. ಪೂಜೆಯಾದ ಮೇಲೆ ಅದು ಪ್ರಸಾದ. ಅಪ್ಪನ ಹೆಸರಲ್ಲಿ ಇಟ್ಟದ್ದನ್ನು ಮಗ ಬೇಡ ಎನ್ನಲು ಆಗುತ್ತದೆಯೇ? ತಿಥಿಯಲ್ಲೂ ಇದೇ ಕಥೆ, ಮಾರಮ್ಮನ ಹಬ್ಬಕ್ಕೆ ಬಂದ ನೆಂಟರ ಎದುರಿಗೂ ಇದೇ ಕಥೆ. ಒಂದು ಮನೆಯ ಮುದುಕಮ್ಮ ಇದಕ್ಕೆ ತಾನೇ ದಾರಿ ಕಂಡುಕೊಂಡರು. ಗಂಡನ ಎಡೆಗೆ ಎಳನೀರು ಇಟ್ಟು, ‘ಅವ್ರಿಗೂ ಈಗ ಸಾಕಾಗದೆ, ಬುಡಿ’ ಎಂದುಬಿಟ್ಟರು. ಬೀದಿಯಲ್ಲಿ ಯಾರೂ ಎದುರು ಮಾತಾಡಲಿಲ್ಲ. ಹಬ್ಬದ ಹಿಂದಿನ ವಾರ ಆ ಮನೆಗಳಿಗೆ ಒಮ್ಮೆ ಹೋಗಿಬರುವುದನ್ನು ನನ್ನ ಡೈರಿಯಲ್ಲಿ ಬರೆದುಕೊಂಡಿರುತ್ತೇನೆ.

5. ಎರಡನೇ ಸಲ ಬಿಡುವುದು ಮೊದಲ ಸಲದಂತಲ್ಲ

ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಇದರಲ್ಲಿ ಜೀವ ಹೋಗುತ್ತದೆ.

ಮೊದಲ ಸಲ ಬಿಟ್ಟಾಗ ಕೈ ನಡುಕ, ಬೆವರು, ಎರಡು ರಾತ್ರಿ ನಿದ್ದೆಯಿಲ್ಲದೆ ಕಳೆದವನು ‘ಹಂಗೇ ಬುಟ್ಬುಡ್ತೀನಿ’ ಎಂಬ ಧೈರ್ಯದಲ್ಲಿರುತ್ತಾನೆ. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿದಷ್ಟೂ ಮೆದುಳಿನ ಕೆರಳು ಹೆಚ್ಚುತ್ತಾ ಹೋಗಬಹುದು. ಮುಂದಿನ ಸಲ ಫಿಟ್ಸ್ ಬರಬಹುದು. ಅದು ಸಾಮಾನ್ಯವಾಗಿ ಕೊನೆಯ ಕುಡಿತದ ನಂತರದ ಎರಡು ದಿನದೊಳಗೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಬುದ್ಧಿ ಕದಡಿ, ಇಲ್ಲದ್ದು ಕಾಣಲು ಶುರುವಾಗಬಹುದು.

ಆ ರೇಷ್ಮೆಯ ಅಣ್ಣ ಮತ್ತೆ ಕುಡಿತ ನಿಲ್ಲಿಸಿದಾಗ ನಾನು ಅವರನ್ನು ನೋಡಿದ್ದು ಮೂರನೇ ದಿನ. ಮನೆಯವರು ಕೋಣೆಗೆ ಹಾಕಿ ಬಾಗಿಲು ಮುಚ್ಚಿದ್ದರು. ಗಾಳಿ ಸೋಕಿದೆ ಎಂದು ಒಬ್ಬರನ್ನು ಕರೆಸಿ ಬೇವಿನ ಸೊಪ್ಪು ಆಡಿಸಿಯೂ ಆಗಿತ್ತು. ಒಳಗೆ ಅವರು ಹೊದ್ದ ಕಂಬಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಏನನ್ನೋ ಆರಿಸುತ್ತಿದ್ದರು. ಹೆಬ್ಬೆರಳು, ತೋರುಬೆರಳಲ್ಲಿ ಮೆತ್ತಗೆ ಎತ್ತಿ, ಅಂಗೈ ಮೇಲೆ ಇಟ್ಟು, ಪಕ್ಕದ ಗೋಡೆಗೆ ಒಂದೊಂದಾಗಿ ಬಿಡುತ್ತಿದ್ದರು. ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವುದು ಹೀಗೆಯೇ. ಕಂಬಳಿ ಮೇಲೆ ಏನೂ ಇರಲಿಲ್ಲ. ‘ಬ್ಯಾಗ ಬುಡು, ಗೂಡ್ ಕಟ್ಟೋ ಹೊತ್ತಾಯ್ತು’ ಎಂದು ನನಗೆ ಗದರಿದರು. ಮೈ ಕೆಂಡದಂತೆ ಕಾಯುತ್ತಿತ್ತು. ಬೆವರಿಗೆ ಅಂಗಿ ಮೈಗೆ ಅಂಟಿತ್ತು.

ಈ ಸ್ಥಿತಿಯಲ್ಲಿ ತಮ್ಮ ಕಸುಬಿನ ಕೆಲಸವನ್ನೇ ಗಾಳಿಯಲ್ಲಿ ಮಾಡುವ ರೋಗಿಗಳಿರುತ್ತಾರೆ ಎಂದು ಆಮೇಲೆ ಡಾಕ್ಟರು ಹೇಳಿದರು. ಅಂದು ನನಗೆ ಗೊತ್ತಿದ್ದದ್ದು ಇಷ್ಟೇ: ಇದು ದೆವ್ವವಲ್ಲ, ಹುಚ್ಚೂ ಅಲ್ಲ, ಒಂದು ಗಂಟೆಯೂ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 108ಕ್ಕೆ ಫೋನ್ ಮಾಡಿ ಚಾಮರಾಜನಗರಕ್ಕೆ ಸಾಗಿಸಿದೆವು. ದಿನಾ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸುವುದಾದರೆ ಆಸ್ಪತ್ರೆಯ ಕಣ್ಗಾವಲಿನಲ್ಲಿ ನಿಲ್ಲಿಸಬೇಕು, ಹಿಂದೆ ಒಮ್ಮೆ ಫಿಟ್ಸ್ ಬಂದವನಂತೂ ಕಡ್ಡಾಯವಾಗಿ. 2020ರ ಲಾಕ್‌ಡೌನಿನಲ್ಲಿ ಮದ್ಯದ ಅಂಗಡಿಗಳೆಲ್ಲ ರಾತ್ರೋರಾತ್ರಿ ಮುಚ್ಚಿದಾಗ ಎಷ್ಟೋ ಮನೆಗಳಿಗೆ ಇದು ಒಟ್ಟಿಗೇ ಬಂತು. ಅದನ್ನು ದಾಟಿ ನಲವತ್ತು ದಿನ ಒಣಗಿದ್ದವರಲ್ಲಿ ಕೆಲವರು ಮೇ 4ರಂದು ಅಂಗಡಿ ತೆರೆದ ಬೆಳಿಗ್ಗೆಯೇ ಸಾಲಿನಲ್ಲಿ ನಿಂತಿದ್ದರು. ಅವರ ಹೆಂಡಂದಿರ ಮುಖ ಇಂದಿಗೂ ನನ್ನ ಕಣ್ಣ ಮುಂದಿದೆ.

6. ಎಲ್ಲವನ್ನೂ ಕುಡಿತದ ತಲೆಗೆ ಕಟ್ಟಬೇಡಿ

‘ಕುಡ್ಕನ ಬುದ್ಧಿ’ ಎಂದು ತಳ್ಳಿಹಾಕಿದ್ದರಲ್ಲಿ ರೋಗ ಅಡಗಿ ಕೂತಿರುವುದನ್ನು ಮೂರು ಬಗೆಯಲ್ಲಿ ಕಂಡಿದ್ದೇನೆ.

ಒಂದು, ಹಗಲು ಮಲಗಿ ರಾತ್ರಿ ಎದ್ದು ಕೂರುವವನು. ಮಾತು ನಿಧಾನ, ಕೂತಲ್ಲೇ ತೂಕಡಿಕೆ, ಗೊತ್ತಿರುವ ದಾರಿ ತಪ್ಪುವುದು. ಎರಡೂ ಕೈ ಮುಂದೆ ಚಾಚಿ ಅಂಗೈ ಎತ್ತಿ ಹಿಡಿಯಿರಿ ಎಂದರೆ ಹಕ್ಕಿ ರೆಕ್ಕೆ ಬಡಿದಂತೆ ಮಣಿಕಟ್ಟು ಬೀಳುತ್ತಾ ಏಳುತ್ತಾ ಇದ್ದರೆ ಅದು ಲಿವರ್ ಕೆಟ್ಟು ಮೆದುಳಿಗೆ ವಿಷ ಏರುತ್ತಿರುವ ಗುರುತು. ಮಲಬದ್ಧತೆಯೊಂದೇ ಸಾಕು ಅದನ್ನು ಕೆರಳಿಸಲು. ‘ನಿದ್ದೆ ಇಲ್ಲ ಪಾಪ’ ಎಂದು ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ತಂದು ಕೊಟ್ಟರೆ ಮತ್ತೆ ಎಚ್ಚರವಾಗದೇ ಹೋಗಬಹುದು.

ಎರಡು, ‘ಸುಳ್ಳುಗಾರ’. ಬೆಳಿಗ್ಗೆ ಉಂಡದ್ದು ನೆನಪಿಲ್ಲದೆ, ಕೇಳಿದರೆ ನಿನ್ನೆ ಗುಂಡ್ಲುಪೇಟೆ ಸಂತೆಗೆ ಹೋಗಿ ಎತ್ತು ನೋಡಿ ಬಂದೆ ಎಂದು ಮುಖದ ಮೇಲೆ ಹೊಡೆದಂತೆ ಹೇಳುವವನು. ಮನೆಯಿಂದ ಹೊರಗೇ ಹೋಗಿರುವುದಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ, ನೆನಪಿನ ತೂತನ್ನು ಮೆದುಳು ತಾನೇ ಕಥೆಯಿಂದ ಮುಚ್ಚುತ್ತದೆ. ಊಟ ಬಿಟ್ಟು ಕುಡಿದವರಲ್ಲಿ ಬಿ1 ಜೀವಸತ್ವ ಬತ್ತಿಹೋಗಿ ಬರುವ ಈ ರೋಗದ ಮೊದಲ ಹಂತವನ್ನು 1881ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ನೆನಪು ಹೋಗುವ ಹಂತವನ್ನು ಕೆಲವೇ ವರ್ಷಗಳಲ್ಲಿ ರಷ್ಯಾದ ಸೆರ್ಗೆಯ್ ಕೊರ್ಸಕೋವ್ ವಿವರಿಸಿದರು. ಕಣ್ಣು ಗುಡ್ಡೆ ಅದುರುವುದು, ಕಾಲು ಅಗಲಿಸಿ ತೂರಾಡುವುದು, ಗಲಿಬಿಲಿ ಕಂಡ ಕೂಡಲೇ ಬಿ1 ಚುಚ್ಚುಮದ್ದು ಬಿದ್ದರೆ ಉಳಿಸಿಕೊಳ್ಳಬಹುದು, ತಡವಾದರೆ ನೆನಪು ಪೂರ್ತಿ ಮರಳುವುದು ಕಷ್ಟ. ಸುಸ್ತಾಗಿದೆ ಎಂದು ಬರೀ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬರಬೇಡಿ, ‘ಇವ್ರು ಕುಡೀತಿದ್ರು’ ಎಂದು ಮೊದಲೇ ಬಾಯಿಬಿಟ್ಟು ಹೇಳಿ.

ಮೂರನೆಯದು ತಲೆಗೆ ಬಿದ್ದ ಏಟು. ಚರಂಡಿಗೆ ಬಿದ್ದು ಎದ್ದು ಬಂದವನು ಎರಡು ಮೂರು ವಾರದ ಮೇಲೆ ಮಂಕಾದರೆ, ಒಂದು ಕಾಲು ಎಳೆದರೆ, ತಲೆ ಸ್ಕ್ಯಾನ್ ಆಗಬೇಕು. ಒಳಗೆ ನಿಧಾನವಾಗಿ ರಕ್ತ ಕಟ್ಟಿರಬಹುದು.

7. ಸಂಶಯ ಬಂತೆಂದರೆ ಮೊದಲು ಹೆಂಡತಿಯ ಜೀವ

ಬಿಟ್ಟಿದ್ದಾಗ ಹೆಂಡತಿಯನ್ನು ಹೊಗಳುತ್ತಿದ್ದವನು ಮತ್ತೆ ಕುಡಿತಕ್ಕೆ ಬಿದ್ದ ಮೇಲೆ ಅವಳ ಫೋನ್ ತಡಕುತ್ತಾನೆ, ಹಾಲಿನ ಡೈರಿಯಲ್ಲಿ ಯಾರ ಹತ್ತಿರ ಮಾತಾಡಿದೆ ಎಂದು ಲೆಕ್ಕ ಕೇಳುತ್ತಾನೆ. ಇದು ಬರೀ ಅಮಲಿನ ಮಾತಾಗಿ ಇಳಿದುಹೋಗದೆ, ಕುಡಿಯದ ಹೊತ್ತಿನಲ್ಲೂ ನಿಂತರೆ ಅದು ಪ್ರತ್ಯೇಕ ಚಿಕಿತ್ಸೆ ಬೇಕಾದ ಮನೋರೋಗ. ಸಾಕ್ಷಿ ಕೊಟ್ಟು ಅವನನ್ನು ಒಪ್ಪಿಸಲು ಸಾಧ್ಯವಿಲ್ಲ. ‘ಹೊಂದ್ಕಂಡು ಹೋಗವ್ವ’ ಎಂದು ಅಂಥ ಮನೆಗೆ ವಾಪಸು ಕಳಿಸುವ ಹಿರಿಯರಿಗೆ ನಾನು ಕೈ ಮುಗಿದು ಹೇಳುತ್ತೇನೆ: ಕಳಿಸಬೇಡಿ. ಮಚ್ಚು, ಕುಡುಗೋಲು ಕಣ್ಣಿಗೆ ಬೀಳದಂತೆ ಎತ್ತಿಡಿ. ಅವಳು ಮಕ್ಕಳೊಂದಿಗೆ ಆ ರಾತ್ರಿ ಬೇರೆ ಮನೆಯಲ್ಲಿರಲಿ. ತುರ್ತು ಸಹಾಯದ 112, ಮಹಿಳಾ ಸಹಾಯವಾಣಿಯ 181 ಎರಡೂ ನಂಬರು ಅವಳಿಗೆ ಬಾಯಿಪಾಠವಾಗಿರಲಿ. ಕಾಯಿಲೆಯಿಂದ ಬಂದ ಹೊಡೆತ ಎಂದ ಮಾತ್ರಕ್ಕೆ ಹೊಡೆತ ನೋಯದೆ ಇರುವುದಿಲ್ಲ.

8. ಮುದ್ದೆಯೊಳಗಿನ ಮಾತ್ರೆ

‘ಅವ್ರಿಗೆ ಗೊತ್ತಾಗದಂಗೆ ಹಾಕೋಕೆ ಏನಾರ ಕೊಡಿ’ ಎಂದು ಕೇಳದ ಹೆಣ್ಣುಮಕ್ಕಳಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಕುಡಿತ ಬಿಡಿಸುವ ಅದರ ಗುಣವನ್ನು ಡೆನ್ಮಾರ್ಕಿನಲ್ಲಿ 1940ರ ದಶಕದಲ್ಲಿ ಕಂಡುಕೊಂಡರು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ವಾಂತಿಯಾಗಿ, ಬಿ.ಪಿ. ಬಿದ್ದುಹೋಗಬಹುದು. ಗೊತ್ತಿದ್ದು ನುಂಗುವವನಿಗೆ ಆ ಭಯವೇ ಬೇಲಿ. ಗೊತ್ತಿಲ್ಲದೆ ಮುದ್ದೆಯಲ್ಲೋ ಸಾರಿನಲ್ಲೋ ಉಂಡವನು ಎಂದಿನಂತೆ ಕುಡಿಯುತ್ತಾನೆ. ಹೃದಯ ದುರ್ಬಲವಾಗಿದ್ದರೆ ಸಾಯಲೂಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಲ್ಲದು. ಕುಡಿಯಬೇಕೆಂಬ ಸೆಳೆತವನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಬೇರೆ ಮಾತ್ರೆಗಳೂ ಇವೆ. ಲಿವರ್, ಕಿಡ್ನಿ ನೋಡಿ ಯಾವುದು ಎಂದು ಡಾಕ್ಟರು ಹೇಳಬೇಕು.

9. ಕುಡಿಯುವ ಹೆಂಗಸರು

ಇದ್ದಾರೆ. ಕೂಲಿಯ ಮೈಕೈ ನೋವಿಗೆಂದು ಶುರುಮಾಡಿ ಬಿಡಲಾರದೆ ಹೋದವರು. ಅವರು ಮತ್ತೆ ಜಾರಿದ್ದು ಗಲಾಟೆಯಲ್ಲಿ ಗೊತ್ತಾಗುವುದಿಲ್ಲ. ಸಂಘದ ಸಭೆಗೆ ಬರುವುದು ನಿಲ್ಲುತ್ತದೆ, ಬಾಗಿಲು ಅರ್ಧ ಮುಚ್ಚಿರುತ್ತದೆ, ಎಲೆ ಅಡಿಕೆ ಹೆಚ್ಚುತ್ತದೆ. ಗಂಡಸಿಗೆ ಶಿಬಿರ, ಹಾರ. ಇವರಿಗೆ ಬೈಗುಳ. ಇವರ ಜೊತೆ ನಾನು ಕೂತು ಮಾತಾಡುವುದು ಹೊಲದ ಬದುವಿನಲ್ಲಿ, ಮನೆಯಲ್ಲಲ್ಲ.

10. ಆ ಎಂಟು ತಿಂಗಳು ಎಲ್ಲಿಗೂ ಹೋಗಿರುವುದಿಲ್ಲ

ಕೆಲಸಕ್ಕೆ ಸೇರಿದ ಹೊಸತರಲ್ಲಿ, ವರ್ಷವಿಡೀ ಬಿಟ್ಟಿದ್ದು ಮತ್ತೆ ಕುಡಿದು ಬಂದ ಒಬ್ಬರಿಗೆ ಹತ್ತು ಜನರ ಎದುರು ‘ನಾಚಿಕೆ ಆಗಲ್ವ ನಿಮಗೆ?’ ಎಂದು ನಾನು ಕೇಳಿದೆ. ತಲೆ ತಗ್ಗಿಸಿ ಹೋದರು. ಮತ್ತೆ ನಮ್ಮ ಕಡೆ ಬರಲೇ ಇಲ್ಲ. ಮೂರು ವರ್ಷದ ಮೇಲೆ ಅವರ ಹೆಸರನ್ನು ಮರಣದ ರಿಜಿಸ್ಟರಿನಲ್ಲಿ ನಾನೇ ಬರೆದೆ. ಆ ಪ್ರಶ್ನೆ ಆಗ ಇನ್ನೊಂದು ರೀತಿಯಲ್ಲಿ ನನ್ನ ಬಾಯಿಂದ ಬಂದಿದ್ದರೆ ಎಂದು ಇಂದಿಗೂ ಅನಿಸುತ್ತದೆ.

ಈಗ ರೇಷ್ಮೆಯ ಅಣ್ಣನಂತೆ ವಾಪಸು ಬಂದವರಿಗೆ ಮೊದಲು ಕೇಳುವುದು ‘ಆ ಎಂಟು ತಿಂಗಳು ಹೆಂಗೆ ಮಾಡಿದ್ರಿ?’ ಎಂದು. ಅವರು ಬೆರಗಾಗುತ್ತಾರೆ. ಆಮೇಲೆ ಹೇಳತೊಡಗುತ್ತಾರೆ: ಸಂಜೆ ಆರಕ್ಕೆ ಹಾಲು ಹಾಕಲು ಹೋಗುತ್ತಿದ್ದೆ, ಆ ಸರ್ಕಲ್ ಕಡೆ ತಿರುಗುತ್ತಿರಲಿಲ್ಲ, ಖಾತೆ ಹೆಂಡತಿ ಕೈಲಿತ್ತು, ಹೊಟ್ಟೆ ಹಸಿಯಲು ಬಿಡುತ್ತಿರಲಿಲ್ಲ. ಅವರ ಮದ್ದಿನ ಚೀಟಿಯನ್ನು ಅವರೇ ಬರೆದುಕೊಟ್ಟ ಹಾಗಾಗುತ್ತದೆ. ಎಂಟು ತಿಂಗಳು ಮೆದುಳಿಗೆ, ಲಿವರಿಗೆ ಸಿಕ್ಕ ಬಿಡುವೂ ವ್ಯರ್ಥವಾಗಿರುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್, ದೂರ ಹೋಗಲಾಗದಿದ್ದರೆ 14416ರ ಟೆಲಿ ಮಾನಸ್, ವ್ಯಸನಕ್ಕೆಂದೇ ಇರುವ 14446, ತೀರಾ ಬಿಗಡಾಯಿಸಿದರೆ ಬೆಂಗಳೂರಿನ ನಿಮ್ಹಾನ್ಸ್. ಚೀಟಿಯ ಹಿಂಬದಿಗೆ ಇವನ್ನು ನಾನು ಬರೆಯುತ್ತೇನೆ.

11. ಹೂವು

ರೇಷ್ಮೆಯ ಅಣ್ಣ ಆಸ್ಪತ್ರೆಯಿಂದ ಬಂದು ಈಗ ಒಂದು ವರ್ಷ ಎರಡು ತಿಂಗಳು. ಗುರುತು ಹಿಡಿಯುವುದನ್ನು ಮನೆಯವರಿಗೆ ಕಲಿಸುತ್ತಾ ನಾನು ಮರೆತದ್ದೊಂದಿದೆ. ಸದಾ ಗುರುತು ಹುಡುಕುತ್ತಾ ಇರುವ ಹೆಂಡತಿಗೆ ನೆಮ್ಮದಿ ಎಲ್ಲಿಯದು? ಗಂಡ ನಕ್ಕರೂ ಭಯ, ಸುಮ್ಮನಿದ್ದರೂ ಭಯ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಒಂದೇ ಗುರುತು ನೋಡಿ ತೀರ್ಮಾನ ಮಾಡಬೇಡಿ, ನಾಲ್ಕನ್ನು ಜೊತೆಗಿಟ್ಟು ನೋಡಿ ಎಂದಷ್ಟೇ ಹೇಳಲು ಕಲಿತಿದ್ದೇನೆ.

ಹೋದ ತಿಂಗಳು ಒಂದು ಸಂಜೆ ಅವಳ ಫೋನು ಬಂತು. ದನಿ ಅದೇ ತಗ್ಗು.

‘ಸಿಸ್ಟ್ರಮ್ಮ, ಹೂ ತಂದವ್ರೆ.’

‘ರಾತ್ರಿ ನಿದ್ದೆ?’

‘ಚಂದಾಗ್ ಮಾಡ್ತಾವ್ರೆ.’

‘ಮಾತ್ರೆ ಶೀಟ್ ಎಣಿಸಿ ನೋಡು.’

ಡಬ್ಬಿ ತೆಗೆದ ಸದ್ದು. ಸ್ವಲ್ಪ ಹೊತ್ತು. ‘ಸರಿಯಾಗದೆ.’

‘ಸಭೆ?’

‘ಭಾನ್ವಾರ ಹೋಗಿದ್ರು. ಯಾರ್ ಮ್ಯಾಲೂ ಕ್ವಾಪ ಇಲ್ಲ.’

‘ಗಾಡಿ ಸ್ಟ್ಯಾಂಡು?’

ಅವಳು ಮಗಳನ್ನು ಕರೆದು ಕೇಳಿದಳು. ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು: ‘ಒಂದೇ ಸಲಕ್ಕೆ ಹಾಕುದ್ರು.’

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

‘ಹಂಗಾರೆ ಮುಡ್ಕತೀನಿ’ ಎಂದು ಫೋನ್ ಇಟ್ಟಳು.